ಡಬ್ಬಿಗೆ ಲೇಬಲ್ ಸುತ್ತುವ ಯಂತ್ರ: ದೋಷದ ಮೂಲ ಪತ್ತೆಹಚ್ಚುವ ಕ್ರಮ

ಲೇಬಲ್ ಓರೆಯಾಗಿ ಕೂತಿದೆ, ಅಂಚು ಬಿಟ್ಟುಕೊಂಡಿದೆ, ನಡುನಡುವೆ ಕೆಲವು ಡಬ್ಬಿಗಳು ಲೇಬಲ್ಲೇ ಇಲ್ಲದೆ ಹೊರಬರುತ್ತಿವೆ ಎಂಬ ದೂರು ಬಂದ ಕೂಡಲೇ ಒಬ್ಬರು ಅಂಟಿನ ಪ್ರಮಾಣ ಹೆಚ್ಚಿಸುತ್ತಾರೆ, ಇನ್ನೊಬ್ಬರು ಬೆಲ್ಟನ್ನು ಸ್ವಲ್ಪ ಕೆಳಗಿಳಿಸುತ್ತಾರೆ, ಮತ್ತೊಬ್ಬರು ವೇಗ ತಗ್ಗಿಸುತ್ತಾರೆ. ಇಷ್ಟಾದ ಮೇಲೆ ಮೂಲ ದೋಷ ಯಾವುದು, ಈ ಬದಲಾವಣೆಗಳಿಂದ ಹೊಸದಾಗಿ ಹುಟ್ಟಿಕೊಂಡದ್ದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಯಂತ್ರದ ಯಾವ ತಿರುಪನ್ನೂ ಮುಟ್ಟುವ ಮೊದಲು ಹೊರಬಂದ ಡಬ್ಬಿಗಳನ್ನು ಸಾಲಾಗಿಟ್ಟು ನೋಡಬೇಕು ಎಂಬುದು ಈ ಕೈಪಿಡಿಯ ಮೊದಲ ಸೂಚನೆ. ದೋಷ ಎಲ್ಲಿ ಹುಟ್ಟಿತು ಎಂಬುದರ ಗುರುತು ಬಹುಮಟ್ಟಿಗೆ ಡಬ್ಬಿಯ ಮೇಲೆಯೇ ಉಳಿದಿರುತ್ತದೆ.

ಇಲ್ಲಿ ಮುಖ್ಯವಾಗಿ ವಿವರಿಸಿರುವುದು ಡಬ್ಬಿಯನ್ನು ಅಡ್ಡ ಮಲಗಿಸಿ ಉರುಳಿಸುತ್ತಾ, ಕತ್ತರಿಸಿ ಜೋಡಿಸಿಟ್ಟ ಕಾಗದದ ಲೇಬಲನ್ನು ಸುತ್ತುವ ಯಂತ್ರದ ಬಗ್ಗೆ. ಹಿಂಬದಿಯಲ್ಲಿ ಅಂಟು ಇರುವ, ಸುರುಳಿಯಿಂದ ಬಿಚ್ಚಿಕೊಳ್ಳುವ ಸ್ಟಿಕ್ಕರ್ ಯಂತ್ರದ ದೋಷಗಳನ್ನು ಕೊನೆಯ ಭಾಗದಲ್ಲಿ ಚಿಕ್ಕದಾಗಿ ಹೇಳಿದೆ.

ಯಂತ್ರದ ಕೆಲಸದ ಕ್ರಮ

ಇಳಿಜಾರಿನಲ್ಲಿ ಉರುಳಿ ಬಂದ ಡಬ್ಬಿಗಳನ್ನು ಅಂತರ ಕೊಡುವ ಸ್ಕ್ರೂ ಅಥವಾ ನಕ್ಷತ್ರ ಚಕ್ರ ಒಂದೊಂದಾಗಿ ಬಿಡುತ್ತದೆ. ಅಲ್ಲಿಂದ ಮುಂದೆ ಮೇಲಿನ ಬೆಲ್ಟ್ ಡಬ್ಬಿಯ ನೆತ್ತಿಯನ್ನು ಒತ್ತಿ ಹಿಡಿದು, ಕೆಳಗಿನ ಸ್ಥಿರ ರೇಲುಗಳ ಮೇಲೆ ಅದನ್ನು ಉರುಳಿಸಿಕೊಂಡು ಹೋಗುತ್ತದೆ. ಹೀಗೆ ಉರುಳುವಾಗ ಅಂಟಿನ ಚಕ್ರದಿಂದ ಡಬ್ಬಿಯ ಮೈಗೆ ಬಿಸಿ ಅಂಟಿನ ಒಂದೆರಡು ಚುಕ್ಕೆಗಳು ತಗಲುತ್ತವೆ. ಇದನ್ನು ಪಿಕಪ್ ಅಂಟು ಎನ್ನುತ್ತೇವೆ. ಆ ಚುಕ್ಕೆ ಲೇಬಲ್ ಕಟ್ಟಿನ ಮೇಲೆ ಬಂದಾಗ ಎಲ್ಲಕ್ಕಿಂತ ಮೇಲಿನ ಲೇಬಲಿನ ಮುಂದಿನ ಅಂಚನ್ನು ಎತ್ತಿಕೊಳ್ಳುತ್ತದೆ, ಡಬ್ಬಿ ಉರುಳಿದಂತೆ ಲೇಬಲ್ ಸುತ್ತಿಕೊಳ್ಳುತ್ತದೆ, ಹಿಂದಿನ ಅಂಚಿಗೆ ಹಚ್ಚಿದ ತಣ್ಣನೆಯ ಗೋಂದು ಅದನ್ನು ಲೇಬಲಿನ ಮೇಲೆಯೇ ಕೂಡಿಸುತ್ತದೆ. ಈ ಕೂಡಿಕೆಯನ್ನು ಲ್ಯಾಪ್ ಎನ್ನುತ್ತಾರೆ. ಕೊನೆಯಲ್ಲಿ ಒತ್ತು ಪಟ್ಟಿಗಳ ಮೇಲೆ ಉರುಳಿ ಡಬ್ಬಿ ಹೊರಬರುತ್ತದೆ.

ಅಳತೆಯ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 73 ಮಿ.ಮೀ. ವ್ಯಾಸದ ಡಬ್ಬಿಯ ಸುತ್ತಳತೆ ಸುಮಾರು 229 ಮಿ.ಮೀ. ಆಗುತ್ತದೆ. ಲ್ಯಾಪಿಗೆ 10 ಮಿ.ಮೀ. ಬೇಕೆಂದರೆ, ಕಾಗದದ ದಪ್ಪಕ್ಕಾಗಿ ಅರ್ಧ ಮಿಲಿಮೀಟರಿನಷ್ಟು ಸೇರಿಸಿ, ಲೇಬಲ್ 240 ಮಿ.ಮೀ. ಉದ್ದವಿರಬೇಕು. ಲೇಬಲಿನ ಎತ್ತರ ಡಬ್ಬಿಯ ಎರಡು ತುದಿಗಳ ಉಬ್ಬು ಸೀಮುಗಳ (ಮುಚ್ಚಳ ಮತ್ತು ತಳ ಡಬ್ಬಿಯ ಮೈಗೆ ಕೂಡುವ ಅಂಚುಗಳ) ನಡುವೆ ಸ್ವಲ್ಪ ಸಡಿಲವಾಗಿ ಕೂರುವಷ್ಟು ಇರಬೇಕು. ಸೀಮಿನ ಮೇಲೆ ಹತ್ತಿದ ಲೇಬಲ್ ಎಷ್ಟೇ ಒಳ್ಳೆಯ ಅಂಟು ಹಾಕಿದರೂ ಸುಕ್ಕಾಗದೆ ಇರುವುದಿಲ್ಲ.

ಪರೀಕ್ಷೆಗಾಗಿ ಯಂತ್ರದೊಳಗೆ ಕೈಹಾಕುವ ಮೊದಲು ವಿದ್ಯುತ್ ಸಂಪರ್ಕ ಕಡಿದು ಸ್ವಿಚ್ಚಿಗೆ ಬೀಗ ಹಾಕಿರಬೇಕು. ಬಿಸಿ ಅಂಟಿನ ಪಾತ್ರೆ ವಿದ್ಯುತ್ ನಿಂತ ಮೇಲೂ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ, ಮತ್ತು ಚರ್ಮಕ್ಕೆ ಹತ್ತಿದ ಕರಗಿದ ಅಂಟು ಒರೆಸಿದರೆ ಹೋಗುವುದಿಲ್ಲ, ಸುಡುತ್ತಲೇ ಇರುತ್ತದೆ. ಕೈಗವಸು ಮತ್ತು ಕಣ್ಣಿನ ರಕ್ಷಣೆ ಇಲ್ಲದೆ ಆ ಭಾಗದ ಹತ್ತಿರ ಹೋಗಬಾರದು.

ಮೊದಲ ಹೆಜ್ಜೆ: ಡಬ್ಬಿಗಳ ಸಾಲು

ಯಂತ್ರ ನಡೆಯುತ್ತಿರುವಾಗಲೇ ಒಂದರ ಹಿಂದೆ ಒಂದು ಬರುವ ಮೂವತ್ತು ಡಬ್ಬಿಗಳನ್ನು, ನಡುವೆ ಒಂದನ್ನೂ ಬಿಡದೆ, ತೆಗೆದುಕೊಂಡು ಮುಚ್ಚಳದ ಮೇಲೆ ಕ್ರಮಸಂಖ್ಯೆ ಬರೆಯಬೇಕು. ದೋಷವಿರುವ ಡಬ್ಬಿಗಳನ್ನಷ್ಟೇ ಆರಿಸಿಕೊಳ್ಳುವುದು ಸಾಮಾನ್ಯವಾಗಿ ಕಾಣುವ ಅಭ್ಯಾಸ. ಆದರೆ ಹಾಗೆ ಆರಿಸಿದರೆ ಅತಿ ಮುಖ್ಯವಾದ ಮಾಹಿತಿಯೇ ಕೈತಪ್ಪುತ್ತದೆ, ಏಕೆಂದರೆ ನಮಗೆ ಬೇಕಾದದ್ದು ದೋಷದ ರೂಪದಷ್ಟೇ ಅದು ಮರುಕಳಿಸುವ ಅಂತರವೂ ಹೌದು.

ಮೂವತ್ತರಲ್ಲಿ ಮೂವತ್ತೂ ಒಂದೇ ರೀತಿ ಕೆಟ್ಟಿದ್ದರೆ ಯಾವುದೋ ಸ್ಥಿರ ಹೊಂದಾಣಿಕೆ ತಪ್ಪಿದೆ: ಗೈಡ್ ರೇಲು, ಲೇಬಲ್ ಕಟ್ಟಿನ ಜಾಗ, ಅಂಟಿನ ಚಕ್ರದ ಎತ್ತರ ಇಂಥವು. ಯಾವ ಕ್ರಮವೂ ಇಲ್ಲದೆ ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ ಡಬ್ಬಿ, ಲೇಬಲ್ ಅಥವಾ ಸಡಿಲವಾದ ಭಾಗವೊಂದರ ಮೇಲೆ ಅನುಮಾನ ಹೋಗಬೇಕು. ನಿಯತ ಅಂತರದಲ್ಲಿ ಕೆಟ್ಟಿದ್ದರೆ ಅದು ತಿರುಗುವ ಯಾವುದೋ ಭಾಗದ ಕೆಲಸ, ಮತ್ತು ಆ ಭಾಗ ಯಾವುದೆಂದು ಲೆಕ್ಕದಿಂದಲೇ ಕಂಡುಹಿಡಿಯಬಹುದು.

ಬೆಲ್ಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ್ಥಿರ ರೇಲು ಮತ್ತು ಚಲಿಸುವ ಬೆಲ್ಟಿನ ನಡುವೆ ಉರುಳುವ ಡಬ್ಬಿ ಬೆಲ್ಟಿನ ಅರ್ಧ ವೇಗದಲ್ಲಿ ಮುಂದೆ ಸಾಗುತ್ತದೆ. ಅಂದರೆ ಡಬ್ಬಿ ಒಂದು ಅಡಿ ಮುಂದೆ ಹೋಗುವಷ್ಟರಲ್ಲಿ ಬೆಲ್ಟ್ ಎರಡು ಅಡಿ ಹೋಗಿರುತ್ತದೆ. ಆದ್ದರಿಂದ ಬೆಲ್ಟಿನ ಒಟ್ಟು ಉದ್ದವನ್ನು, ಎರಡು ಡಬ್ಬಿಗಳ ಕೇಂದ್ರಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ, ಬೆಲ್ಟ್ ಒಂದು ಸುತ್ತು ಹಾಕುವುದರೊಳಗೆ ಎಷ್ಟು ಡಬ್ಬಿಗಳು ದಾಟುತ್ತವೆ ಎಂಬುದು ಸಿಗುತ್ತದೆ. ಬೆಲ್ಟ್ 4,800 ಮಿ.ಮೀ. ಉದ್ದವಿದ್ದು ಡಬ್ಬಿಗಳ ಅಂತರ 300 ಮಿ.ಮೀ. ಇದ್ದರೆ ಉತ್ತರ ಎಂಟು. ಸಾಲಿನಲ್ಲಿ 3, 11, 19, 27ನೇ ಡಬ್ಬಿಗಳಲ್ಲಿ ಮಾತ್ರ ಸುಕ್ಕು ಕಂಡರೆ ಅಂಟನ್ನು ಮುಟ್ಟುವ ಅಗತ್ಯವೇ ಇಲ್ಲ. ಬೆಲ್ಟಿನ ಜೋಡಣೆ ದಪ್ಪವಾಗಿದೆಯೇ, ಅದರ ಮೈಗೆ ಒಂದು ಕಡೆ ಅಂಟು ಮೆತ್ತಿ ಗಟ್ಟಿಯಾಗಿದೆಯೇ ಎಂದು ನೋಡಿದರೆ ಸಾಕು. ಯಂತ್ರದ ವೇಗ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗಾಗಿ ವೇಗ ಬದಲಿಸಿದರೂ ದೋಷದ ಅಂತರ ಬದಲಾಗದಿದ್ದರೆ ಬೆಲ್ಟಿನ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಅಂತರ ಕೊಡುವ ನಕ್ಷತ್ರ ಚಕ್ರಕ್ಕೆ ಲೆಕ್ಕ ಇನ್ನೂ ಸುಲಭ: ಚಕ್ರದಲ್ಲಿ ಎಷ್ಟು ಕಚ್ಚುಗಳಿವೆಯೋ ಅಷ್ಟು ಡಬ್ಬಿಗಳಿಗೊಮ್ಮೆ ದೋಷ ಬರುತ್ತದೆ.

ಉರುಳುವಿಕೆಯ ಪರೀಕ್ಷೆ

ಈ ಯಂತ್ರದಲ್ಲಿ ಎಲ್ಲವೂ ನಿಂತಿರುವುದು ಡಬ್ಬಿ ಜಾರದೆ ಉರುಳುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ. ಅದು ನಿಜವೇ ಎಂದು ಪರೀಕ್ಷಿಸಲು ಸೀಮೆಸುಣ್ಣದ ತುಂಡೊಂದು ಮತ್ತು ಅಳತೆ ಪಟ್ಟಿ ಸಾಕು. ಲೇಬಲ್ ಕಟ್ಟನ್ನು ಹೊರತೆಗೆದು, ಅಂಟಿನ ಚಕ್ರಗಳನ್ನು ಕೆಳಗಿಳಿಸಿ, ಡಬ್ಬಿಯ ತಳದ ಅಂಚಿನಲ್ಲಿ ಒಂದು ಗೆರೆ, ಅದಕ್ಕೆ ನೇರವಾಗಿ ರೇಲಿನ ಮೇಲೆ ಒಂದು ಗೆರೆ, ಬೆಲ್ಟಿನ ಮೇಲೂ ಒಂದು ಗೆರೆ ಎಳೆಯಬೇಕು. ಬಳಿಕ ಕೈಚಕ್ರದಿಂದ ಯಂತ್ರವನ್ನು ನಿಧಾನವಾಗಿ ತಿರುಗಿಸಿ, ಡಬ್ಬಿಯ ಗೆರೆ ಒಂದು ಪೂರ್ತಿ ಸುತ್ತು ಮುಗಿಸಿ ಮತ್ತೆ ಕೆಳಗೆ ಬಂದಾಗ ನಿಲ್ಲಿಸಬೇಕು.

73 ಮಿ.ಮೀ. ಡಬ್ಬಿ ಆಗ 229 ಮಿ.ಮೀ. ಮುಂದೆ ಸಾಗಿರಬೇಕು, ಬೆಲ್ಟ್ ಅದರ ಎರಡರಷ್ಟು, ಅಂದರೆ ಸುಮಾರು 459 ಮಿ.ಮೀ. ಸಾಗಿರಬೇಕು. ಡಬ್ಬಿ 229ಕ್ಕಿಂತ ಹೆಚ್ಚು ದೂರ ಹೋಗಿದ್ದರೆ ಅದು ಉರುಳುವ ಬದಲು ರೇಲಿನ ಮೇಲೆ ಜಾರಿದೆ. ರೇಲಿನ ಮೇಲ್ಮೈ ಸವೆದು ನುಣುಪಾಗಿದೆ, ನೀರು ಅಥವಾ ಎಣ್ಣೆ ಹತ್ತಿದೆ, ಇಲ್ಲವೇ ಪಕ್ಕದ ಗೈಡುಗಳು ಡಬ್ಬಿಯನ್ನು ಬಿಗಿಹಿಡಿದಿವೆ ಎಂದು ಅರ್ಥ. ಡಬ್ಬಿ ಸರಿಯಾಗಿ 229 ಮಿ.ಮೀ. ಸಾಗಿದ್ದು ಬೆಲ್ಟ್ ಮಾತ್ರ 459ಕ್ಕಿಂತ ಹೆಚ್ಚು ಓಡಿದ್ದರೆ ಬೆಲ್ಟ್ ಡಬ್ಬಿಯ ನೆತ್ತಿಯ ಮೇಲೆ ಜಾರುತ್ತಿದೆ. ಒತ್ತಡ ಕಡಿಮೆಯಾಗಿದೆ ಅಥವಾ ಬೆಲ್ಟ್ ಸವೆದಿದೆ. ಹೊರನೋಟಕ್ಕೆ ಈ ಎರಡು ಜಾರುವಿಕೆಗಳೂ ಒಂದೇ ರೀತಿ ಕಾಣುತ್ತವೆ, ಆದರೆ ಚಿಕಿತ್ಸೆ ಬೇರೆ ಬೇರೆ. ಗೈಡ್ ಬಿಗಿಯಾಗಿ ಡಬ್ಬಿ ಜಾರುತ್ತಿರುವಾಗ ಬೆಲ್ಟನ್ನು ಇನ್ನಷ್ಟು ಒತ್ತಿದರೆ ಡಬ್ಬಿಯ ಮೈ ಹಿಸುಕಿ, ಲೇಬಲ್ ಹರಿಯುವ ಹೊಸ ತೊಂದರೆ ಸೇರಿಕೊಳ್ಳುತ್ತದೆ. ಯಾವ ದೋಷದ ದೂರು ಬಂದರೂ ಈ ಪರೀಕ್ಷೆಯನ್ನು ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡಬ್ಬಿ ಲೇಬಲ್ ಇಲ್ಲದೆ ಹೊರಬಂದರೆ

ಬರಿಯ ಡಬ್ಬಿಯನ್ನು ಕೈಗೆತ್ತಿಕೊಂಡು ಪಿಕಪ್ ಅಂಟಿನ ಚುಕ್ಕೆ ಇದೆಯೇ ಎಂದು ನೋಡಬೇಕು. ಚುಕ್ಕೆಯೇ ಇಲ್ಲದಿದ್ದರೆ ಅಂಟಿನ ಪಾತ್ರೆಯ ಮಟ್ಟ ಇಳಿದಿದೆ, ಚಕ್ರ ಡಬ್ಬಿಗೆ ತಾಗುತ್ತಿಲ್ಲ ಅಥವಾ ಅಂಟು ಸಾಕಷ್ಟು ಕರಗಿಲ್ಲ. ಪಿಕಪ್ ಅಂಟುಗಳು ಸಾಮಾನ್ಯವಾಗಿ 130ರಿಂದ 175 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲಸ ಮಾಡುವಂಥವು. ನಿಖರವಾದ ಮಿತಿಯನ್ನು ಆಯಾ ಅಂಟಿನ ತಯಾರಕರ ಹಾಳೆಯಿಂದಲೇ ತೆಗೆದುಕೊಳ್ಳಬೇಕು. ಫಲಕದಲ್ಲಿ ಕಾಣುವ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಪಾತ್ರೆಯ ಗೋಡೆಗೆ ಸುಟ್ಟು ಕರಿದಾದ ಅಂಟಿನ ಪದರ ಕಟ್ಟಿಕೊಂಡಾಗ ಗೋಡೆಯ ಬಿಸಿ ಒಳಗಿನ ಅಂಟಿಗೆ ತಲುಪುವುದಿಲ್ಲ, ಹಾಗಾಗಿ ಸೆನ್ಸರ್ ಸರಿಯಾದ ಅಂಕಿ ತೋರಿಸುತ್ತಿದ್ದರೂ ಚಕ್ರದ ಬಳಿ ಅಂಟು ಮಂದವಾಗಿಯೇ ಇರುತ್ತದೆ. ಪ್ರತ್ಯೇಕ ತಾಪಮಾಪಕದಿಂದ ಚಕ್ರದ ಪಕ್ಕದಲ್ಲೇ ಅಳೆಯಬೇಕು.

ಚುಕ್ಕೆ ಇದ್ದೂ ಲೇಬಲ್ ಬರದಿದ್ದರೆ ಆ ಚುಕ್ಕೆಯನ್ನು ಉಗುರಿನಿಂದ ಮೀಟಿ ನೋಡಬೇಕು. ಅದು ಗುಂಡಿಯಂತೆ ಒಮ್ಮೆಲೇ ಕಳಚಿ ಬಂದು ಅದರ ತಳ ಕನ್ನಡಿಯಂತೆ ನುಣುಪಾಗಿದ್ದರೆ ಅಂಟು ಲೋಹವನ್ನು ಹಿಡಿಯುವ ಮೊದಲೇ ಗಟ್ಟಿಯಾಗಿದೆ, ಅಂದರೆ ಡಬ್ಬಿ ತೀರಾ ತಣ್ಣಗಿದೆ ಅಥವಾ ಒದ್ದೆಯಾಗಿದೆ. ಚುಕ್ಕೆ ಲೋಹಕ್ಕೆ ಚೆನ್ನಾಗಿ ಹಿಡಿದಿದ್ದು ಮೇಲ್ಮೈ ಚಪ್ಪಟೆಯಾಗದೆ ಉಬ್ಬಿಕೊಂಡೇ ಇದ್ದರೆ ಅದು ಲೇಬಲನ್ನು ಮುಟ್ಟಿಯೇ ಇಲ್ಲ. ಲೇಬಲ್ ಕಟ್ಟನ್ನು ಮೇಲೆತ್ತುವ ವ್ಯವಸ್ಥೆ ಹಿಂದೆ ಬಿದ್ದಿದೆ ಅಥವಾ ಕಟ್ಟಿನ ಮಟ್ಟ ನೋಡುವ ಸೆನ್ಸರಿನ ಮೇಲೆ ಕಾಗದದ ಧೂಳು ಕೂತಿದೆ. ಚುಕ್ಕೆಯ ಮೇಲೆ ಕಾಗದದ ನಾರು ಹತ್ತಿಕೊಂಡಿದ್ದರೆ ಲೇಬಲ್ ಹಿಡಿದು ನಂತರ ಹರಿದಿದೆ, ಆಗ ಲೇಬಲ್ ಕಟ್ಟಿನ ಮೂಲೆಗಳನ್ನು ಒತ್ತಿಹಿಡಿಯುವ ಬೆರಳುಗಳು ಹೆಚ್ಚು ಬಿಗಿಯಾಗಿವೆ ಎಂದು ತಿಳಿಯಬೇಕು.

ಡಬ್ಬಿಯ ಅಳತೆ ಬದಲಿಸಿದ ಮರುಗಳಿಗೆಯಿಂದ ಈ ದೋಷ ಶುರುವಾಗಿದ್ದರೆ ಇನ್ನೊಂದು ಸಾಧ್ಯತೆಯನ್ನು ಮೊದಲು ನೋಡಬೇಕು. ಅಂಟನ್ನು ಕೆಳಗಿನಿಂದ ಹಚ್ಚುವ ಯಂತ್ರದಲ್ಲಿ ಚುಕ್ಕೆ ಹತ್ತಿದ ಜಾಗ ಮತ್ತೆ ಕೆಳಗೆ ಬರುವುದು ಡಬ್ಬಿ ಒಂದು ಪೂರ್ತಿ ಸುತ್ತು ಉರುಳಿದ ಮೇಲೆ. ಹಾಗಾಗಿ ಅಂಟಿನ ಚಕ್ರಕ್ಕೂ ಲೇಬಲಿನ ಮುಂದಿನ ಅಂಚಿಗೂ ನಡುವಿನ ದೂರ ಡಬ್ಬಿಯ ಸುತ್ತಳತೆಗೆ ಹೊಂದಿರಬೇಕು. ದೂರ ಹೆಚ್ಚಾಗಿದ್ದರೆ ಚುಕ್ಕೆ ಲೇಬಲಿಗಿಂತ ಮೊದಲೇ ನೆಲ ಮುಟ್ಟುತ್ತದೆ, ಮತ್ತು ಕಟ್ಟಿನ ಮುಂದಿನ ತಗಡಿನ ಮೇಲೆ ಅಂಟಿನ ಕಲೆಗಳು ಕಾಣುತ್ತವೆ. ದೂರ ಕಡಿಮೆಯಾಗಿದ್ದರೆ ಅಥವಾ ಡಬ್ಬಿ ಜಾರುತ್ತಿದ್ದರೆ ಚುಕ್ಕೆ ಅಂಚನ್ನು ದಾಟಿ ಒಳಗೆ ಬೀಳುತ್ತದೆ. ಲೇಬಲ್ ಬರುತ್ತದೆ, ಆದರೆ ಅದರ ಮುಂದಿನ ಅಂಚು ಅಂಟಿಲ್ಲದೆ ಮಡಚಿಕೊಂಡಿರುತ್ತದೆ.

ಲ್ಯಾಪ್ ಬಿಟ್ಟುಕೊಂಡರೆ

ಗ್ರಾಹಕರ ಕಣ್ಣಿಗೆ ಮೊದಲು ಬೀಳುವ ದೋಷ ಇದು. ಅನೇಕ ವೇಳೆ ಇದು ಯಂತ್ರದ ಬಾಯಲ್ಲಿ ಕಾಣದೆ ಪೆಟ್ಟಿಗೆಯೊಳಗೆ ಹೋದ ಮೇಲೆ ಕಾಣಿಸಿಕೊಳ್ಳುವುದರಿಂದ ಇದರ ಪರೀಕ್ಷೆಗೆ ಸ್ವಲ್ಪ ತಾಳ್ಮೆ ಬೇಕು. ಒಂದೇ ಹೊತ್ತಿನಲ್ಲಿ ತೆಗೆದ ಮೂರು ಡಬ್ಬಿಗಳ ಲ್ಯಾಪನ್ನು ಕೈಯಿಂದ ನಿಧಾನವಾಗಿ ಬಿಚ್ಚಬೇಕು: ಒಂದನ್ನು ಹೊರಬಂದ ತಕ್ಷಣ, ಇನ್ನೊಂದನ್ನು ಹತ್ತು ನಿಮಿಷದ ಮೇಲೆ, ಮೂರನೆಯದನ್ನು ಮರುದಿನ.

ಮರುದಿನದ ಡಬ್ಬಿಯಲ್ಲಿ ಕಾಗದ ಹರಿದು ನಾರು ಎರಡೂ ಬದಿಗೆ ಅಂಟಿಕೊಂಡಿದ್ದರೆ ಕೂಡಿಕೆ ಗಟ್ಟಿಯಾಗಿದೆ. ಹತ್ತು ನಿಮಿಷದ ನಂತರವೂ ಗೋಂದು ಎರಡೂ ಬದಿಯಲ್ಲಿ ಒದ್ದೆಯಾಗಿಯೇ ಇದ್ದರೆ ಅದು ಹೆಚ್ಚಾಗಿದೆ ಅಥವಾ ಕಾಗದ ಅದರ ನೀರನ್ನು ಹೀರಿಕೊಳ್ಳುತ್ತಿಲ್ಲ. ಗೋಂದು ಪೂರ್ತಿಯಾಗಿ ಮೇಲಿನ ಅಂಚಿನಲ್ಲೇ ಉಳಿದು ಕೆಳಗಿನ ಲೇಬಲಿನ ಮೈ ಹೊಳೆಯುತ್ತಲೇ ಇದ್ದರೆ ಕಾರಣ ಬಹುಮಟ್ಟಿಗೆ ಮುದ್ರಣದಲ್ಲಿದೆ: ಲ್ಯಾಪ್ ಕೂರುವ ಪಟ್ಟಿಯನ್ನು ವಾರ್ನಿಷ್ ಹಚ್ಚದೆ ಬಿಡಬೇಕಿತ್ತು, ಈ ಬಾರಿ ಅಲ್ಲಿಗೂ ಹಚ್ಚಿದ್ದಾರೆ. ಇಂಥ ಲೇಬಲಿಗೆ ಎಷ್ಟು ಗೋಂದು ಸುರಿದರೂ ಪ್ರಯೋಜನವಿಲ್ಲ, ಮುದ್ರಕರಿಗೆ ತಿಳಿಸುವುದೊಂದೇ ದಾರಿ. ಗೋಂದಿನ ಗೆರೆಯ ನಡುವೆ ಖಾಲಿ ಜಾಗವಿದ್ದರೆ ಗೋಂದು ಹಚ್ಚುವ ಪಟ್ಟಿಯ ಆ ಜಾಗದಲ್ಲಿ ಒಣಗಿದ ಗೋಂದು ಗಟ್ಟಿಕಟ್ಟಿದೆ. ಪಟ್ಟಿಯನ್ನು ಬಿಚ್ಚಿ ತೊಳೆಯಬೇಕು.

ಗೋಂದಿನ ಗೆರೆ ಲೇಬಲಿನ ತೀರಾ ತುದಿಗೆ ಬಿದ್ದರೆ ಒತ್ತಿದಾಗ ಹೊರಗೆ ಜಿನುಗಿ ಪಕ್ಕದ ಡಬ್ಬಿಗೆ ಅಂಟಿಕೊಳ್ಳುತ್ತದೆ, ಬಹಳ ಒಳಗೆ ಬಿದ್ದರೆ ತುದಿ ನಾಲಿಗೆಯಂತೆ ಎದ್ದು ನಿಲ್ಲುತ್ತದೆ. ಅಂಚಿನಿಂದ ಒಂದೆರಡು ಮಿಲಿಮೀಟರ್ ಒಳಗೆ ತೆಳುವಾದ, ಎಡೆಬಿಡದ ಗೆರೆ ಇರುವುದು ಸರಿಯಾದ ಸ್ಥಿತಿ.

ಲೇಬಲ್ ಓರೆಯಾದರೆ

ಸುತ್ತು ಮುಗಿದಾಗ ಎರಡು ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಮೆಟ್ಟಿಲಿನಂತೆ ಕಂಡರೆ ಓರೆತನ ಇದೆ ಎಂದರ್ಥ. ಎಲ್ಲ ಡಬ್ಬಿಗಳಲ್ಲೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಓರೆಯಾಗಿದ್ದರೆ ಲೇಬಲ್ ಕಟ್ಟು ರೇಲಿಗೆ ಚೌಕವಾಗಿ ಕೂತಿಲ್ಲ, ಬೆಲ್ಟ್ ಒಂದು ಬದಿಗೆ ಸರಿದಿದೆ ಅಥವಾ ಎರಡು ರೇಲುಗಳ ಎತ್ತರದಲ್ಲಿ ವ್ಯತ್ಯಾಸವಿದೆ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗುತ್ತಿದ್ದರೆ ಗೈಡುಗಳ ನಡುವೆ ಸಡಿಲ ಹೆಚ್ಚಾಗಿದ್ದು ಡಬ್ಬಿ ಓಲಾಡುತ್ತಿದೆ. ಲೇಬಲ್ಲೇ ಚೌಕವಾಗಿ ಕತ್ತರಿಸಿಲ್ಲ ಎಂಬ ಸಾಧ್ಯತೆಯನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು: ಒಂದು ಲೇಬಲನ್ನು ಯಂತ್ರದ ಹೊರಗೆ ಕೈಯಿಂದಲೇ ಡಬ್ಬಿಗೆ ಸುತ್ತಿ ನೋಡಿದಾಗ ಅಲ್ಲಿಯೂ ಮೆಟ್ಟಿಲು ಕಂಡರೆ ಯಂತ್ರದಲ್ಲಿ ಹುಡುಕುವುದು ವ್ಯರ್ಥ.

ಒಂದೇ ಡಬ್ಬಿಗೆ ಎರಡು ಲೇಬಲ್ ಬರುವುದಕ್ಕೆ ಸಾಮಾನ್ಯ ಕಾರಣ ಮೊಂಡಾದ ಕತ್ತರಿಯಿಂದ ಲೇಬಲುಗಳ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿರುವುದು. ಕಟ್ಟನ್ನು ಇಡುವ ಮೊದಲು ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸಿದರೆ ಹೆಚ್ಚಿನ ಪಾಲು ಸರಿಹೋಗುತ್ತದೆ.

ಕಾಗದ ಮತ್ತು ಡಬ್ಬಿ

ಯಂತ್ರದಲ್ಲಿ ಏನೂ ಬದಲಾಗದೆ ಹೊಸ ಲೇಬಲ್ ಕಟ್ಟು ಒಡೆದ ಗಳಿಗೆಯಿಂದ ತೊಂದರೆ ಶುರುವಾಗಿದ್ದರೆ ಕಾಗದದ ನಾರಿನ ದಿಕ್ಕನ್ನು ನೋಡಬೇಕು. ಕಾಗದ ತನ್ನ ನಾರಿನ ಉದ್ದಕ್ಕೆ ಬಿರುಸಾಗಿರುತ್ತದೆ, ತೇವ ತಗಲಿದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಲೇಬಲಿನ ಚೌಕ ತುಂಡೊಂದರ ಒಂದು ಬದಿಯನ್ನು ಒದ್ದೆ ಬೆರಳಿನಿಂದ ಸವರಿದರೆ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ಹಳೆಯ ಕಟ್ಟಿನ ತುಂಡಿನೊಂದಿಗೆ ಹೋಲಿಸಿದಾಗ ದಿಕ್ಕು ಬದಲಾಗಿದ್ದು, ನಾರು ಈಗ ಡಬ್ಬಿಯ ಸುತ್ತ ಓಡುತ್ತಿದ್ದರೆ, ಕಾಗದ ಬಾಗಲು ಒಪ್ಪದೆ ಲ್ಯಾಪಿನಲ್ಲಿ ಎದ್ದು ಬರುತ್ತಿದೆ ಎಂದು ತಿಳಿಯಬಹುದು. ಕಾಗದದ ಪರೀಕ್ಷೆಗೆ ಐಎಸ್ಒ 187 ಮಾನಕ ನಿಗದಿಪಡಿಸಿರುವುದು 23 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 50 ಸಾಪೇಕ್ಷ ತೇವಾಂಶ. ಉಗ್ರಾಣವನ್ನು ಅಷ್ಟು ಕರಾರುವಾಕ್ಕಾಗಿ ಇಡಲಾಗದಿದ್ದರೂ, ಲೇಬಲ್ ಕಟ್ಟುಗಳನ್ನು ಹೊದಿಕೆ ಬಿಚ್ಚದೆ ಒಂದು ದಿನ ಯಂತ್ರದ ಕೋಣೆಯಲ್ಲಿಟ್ಟು ಅಲ್ಲಿಯ ಉಷ್ಣತೆಗೆ ಬರಲು ಬಿಡುವುದು ಎಲ್ಲರಿಂದಲೂ ಆಗುವ ಕೆಲಸ.

ಡಬ್ಬಿಯ ಉಷ್ಣತೆಯೂ ಅಷ್ಟೇ ಮುಖ್ಯ. ರಿಟಾರ್ಟಿನಲ್ಲಿ (ಮುಚ್ಚಿದ ಡಬ್ಬಿಗಳನ್ನು ಒತ್ತಡದಲ್ಲಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ) ಬೇಯಿಸಿದ ಡಬ್ಬಿಗಳನ್ನು ಸಾಮಾನ್ಯವಾಗಿ 38ರಿಂದ 40 ಡಿಗ್ರಿಯವರೆಗೆ ಮಾತ್ರ ತಂಪುಮಾಡಿ ಹೊರತೆಗೆಯುವುದು, ಉಳಿದ ಬಿಸಿಯಲ್ಲೇ ಮೈ ಒಣಗಲಿ ಎಂಬ ಕಾರಣಕ್ಕೆ. ಅದಕ್ಕಿಂತ ತಂಪಾದರೆ ಸೀಮಿನ ಸಂದಿಯಲ್ಲಿ ನೀರು ಉಳಿಯುತ್ತದೆ. ತಣ್ಣನೆಯ ಉಗ್ರಾಣದಿಂದ ಬಂದ ಡಬ್ಬಿಗಳ ಮೇಲಂತೂ ಗಾಳಿಯ ತೇವವೇ ಹನಿಗಟ್ಟುತ್ತದೆ: 30 ಡಿಗ್ರಿ ಉಷ್ಣತೆ, ಶೇ 80 ತೇವಾಂಶವಿರುವ ಕೋಣೆಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹವೂ ಬೆವರುತ್ತದೆ. ಡಬ್ಬಿಯ ಉಷ್ಣತೆಯನ್ನು ಇನ್‌ಫ್ರಾರೆಡ್ ತಾಪಮಾಪಕದಿಂದ ಅಳೆಯುವಾಗ ಹೊಳೆಯುವ ಲೋಹ ತಪ್ಪು ಅಂಕಿ ಕೊಡುವುದರಿಂದ, ಡಬ್ಬಿಯ ಮೇಲೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆಯೇ ಅಳೆಯಬೇಕು. ಗಡಸು ನೀರಿನಿಂದ ಡಬ್ಬಿಯ ಮೇಲೆ ಉಳಿದ ಬಿಳಿ ಪುಡಿಯೂ ಅಂಟಿಗೆ ಅಡ್ಡಿ. ಕಪ್ಪು ಬಟ್ಟೆಯಿಂದ ಒರೆಸಿದರೆ ಅದು ಕೂಡಲೇ ಕಾಣುತ್ತದೆ.

ಸ್ಟಿಕ್ಕರ್ ಯಂತ್ರವಾದರೆ

ಇಲ್ಲಿ ಬಿಸಿ ಅಂಟೂ ಇಲ್ಲ, ಗೋಂದೂ ಇಲ್ಲ, ಆದ್ದರಿಂದ ನೋಡಬೇಕಾದ ಜಾಗಗಳು ಕಡಿಮೆ. ಲೇಬಲ್ ಹೊರಬರುವ ವೇಗ ಡಬ್ಬಿಯ ಮೈ ತಿರುಗುವ ವೇಗಕ್ಕೆ ಸಮನಾಗಿರಬೇಕು. ಲೇಬಲ್ ನಿಧಾನವಾದರೆ ಎಳೆದಂತಾಗಿ ಓರೆಯಾಗುತ್ತದೆ ಅಥವಾ ಹರಿಯುತ್ತದೆ, ವೇಗವಾದರೆ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಲೇಬಲ್ ಸುಲಿಯುವ ತಗಡಿನ ಅಂಚು ಸವೆದು ಗುಂಡಾದರೆ ಲೇಬಲ್ ಹಿಂಬದಿಯ ಕಾಗದದಿಂದ ಬಿಡದೆ ಅದರೊಂದಿಗೇ ಹಿಂದಿರುಗುತ್ತದೆ. ಲೇಬಲ್ ನಿಲ್ಲುವ ಜಾಗ ಸ್ವಲ್ಪಸ್ವಲ್ಪವೇ ಸರಿಯುತ್ತಾ ಹೋದರೆ ಅಂತರ ಗುರುತಿಸುವ ಸೆನ್ಸರನ್ನು ಒರೆಸಿ, ಈಗ ಹಾಕಿರುವ ಸುರುಳಿಗೆ ತಕ್ಕಂತೆ ಮತ್ತೆ ಹೊಂದಿಸಬೇಕು. ಪಾರದರ್ಶಕ ಲೇಬಲುಗಳಿಗೆ ಸಾಮಾನ್ಯ ಬೆಳಕಿನ ಸೆನ್ಸರ್ ಸಾಲದು. ಕೆಪಾಸಿಟಿವ್ ಅಥವಾ ಅಲ್ಟ್ರಾಸಾನಿಕ್ ಸೆನ್ಸರ್ ಬೇಕಾಗುತ್ತದೆ. ಒದ್ದೆ ಡಬ್ಬಿಯ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲವೂ ಇಲ್ಲಿಗೂ ಅನ್ವಯಿಸುತ್ತದೆ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಿರುಪಿನ ಹಳೆಯ ಜಾಗವನ್ನು ಗುರುತು ಹಾಕಿಟ್ಟುಕೊಂಡು, ಮತ್ತೆ ಮೂವತ್ತು ಡಬ್ಬಿಗಳ ಸಾಲು ತೆಗೆಯಬೇಕು. ದೋಷ ಕಡಿಮೆಯಾಗದಿದ್ದರೆ ತಿರುಪನ್ನು ಗುರುತಿನ ಜಾಗಕ್ಕೆ ವಾಪಸು ತಂದ ನಂತರವೇ ಮುಂದಿನ ಕಾರಣಕ್ಕೆ ಹೋಗಬೇಕು. ಕಡಿಮೆಯಾಗಿದ್ದರೆ ಆ ಸಾಲಿನಿಂದ ಕೆಲವು ಡಬ್ಬಿಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಮರುದಿನ ಲ್ಯಾಪ್ ಬಿಚ್ಚಿ ನಾರು ಹರಿಯುತ್ತದೆಯೇ ಎಂದು ನೋಡಿದ ಮೇಲೆ ಮಾತ್ರ ದುರಸ್ತಿ ಮುಗಿದಿದೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು.